ಮೂರು ಕಟ್ಟು ಸೊಪ್ಪಿನ ಲೆಕ್ಕ

ಕಾಲೇಜಿನಲ್ಲಿ ಕನ್ನಡ ಪಾಠ ಹೇಳುವವನಿಗೆ ಲೆಕ್ಕದ ಉಸಾಬರಿ ಏಕೆ ಎಂದು ವಾಚಕರು ಕೇಳಬಹುದು. ಕೇಳುವುದು ನ್ಯಾಯವೂ ಹೌದು. ನಾನು ಕನ್ನಡ ಎಂ.ಎ. ತರಗತಿಗೆ ಸೇರಿದುದಕ್ಕೆ ಹಳಗನ್ನಡದ ಮೇಲಿನ ಮೋಹ ಎಷ್ಟು ಕಾರಣವೋ ಗಣಿತದ ಮೇಲಿನ ಭಯವೂ ಅಷ್ಟೇ ಕಾರಣವೆಂಬುದನ್ನು ಈ ಪುಟದಲ್ಲಿ ಒಪ್ಪಿಕೊಂಡುಬಿಡುತ್ತೇನೆ. ಷಟ್ಪದಿಯ ಮಾತ್ರೆಗಳನ್ನು ಎಣಿಸುವಾಗ ಬಾರದ ನಡುಕ ಅಂಗಡಿಯವನು ಕೊಟ್ಟ ಚಿಲ್ಲರೆಯನ್ನು ಎಣಿಸುವಾಗ ನನಗೆ ಬರುತ್ತಿತ್ತು. ಆದಕಾರಣ ಚಿಲ್ಲರೆಯನ್ನು ಎಣಿಸದೆಯೇ ಜೇಬಿಗೆ ಹಾಕಿಕೊಳ್ಳುವುದನ್ನು ರೂಢಿ ಮಾಡಿಕೊಂಡು, ಆ ರೂಢಿಗೆ ಔದಾರ್ಯವೆಂಬ ಹೆಸರನ್ನೂ ಕೊಟ್ಟುಕೊಂಡಿದ್ದೆ.

ಹೀಗೆ ನೆಮ್ಮದಿಯಾಗಿದ್ದವನನ್ನು ಎಚ್ಚರಿಸಿದವಳು ನನ್ನ ಮಗಳು. ಆಕೆಗೆ ಒಂಬತ್ತು ವರ್ಷ, ನಾಲ್ಕನೆಯ ತರಗತಿ. ಒಂದು ಸಂಜೆ ಶಾಲೆಯಿಂದ ಬಂದವಳೇ ಚೀಲದಿಂದ ಉತ್ತರಪತ್ರಿಕೆಯೊಂದನ್ನು ತೆಗೆದು ನನ್ನ ಮುಂದಿಟ್ಟಳು. ೨೫ಕ್ಕೆ ೯ ಅಂಕ. ನಾನು ಕೋಪಿಸಿಕೊಳ್ಳುವ ಮೊದಲೇ, ಯಾವ ದುಃಖವೂ ಇಲ್ಲದೆ, ಮಳೆ ಬರುತ್ತಿದೆ ಎಂದು ಹೇಳುವಷ್ಟು ಸಹಜವಾಗಿ ಅವಳು ಹೇಳಿದಳು: “ನನಗೆ ಲೆಕ್ಕ ಬರುವುದಿಲ್ಲಪ್ಪ, ನಿನ್ನ ಹಾಗೆ.”

ಅಂಕಗಳು ನನ್ನನ್ನು ಅಷ್ಟು ನೋಯಿಸಲಿಲ್ಲ. “ನಿನ್ನ ಹಾಗೆ” ಎಂಬ ಆ ಎರಡು ಪದಗಳು ಮಾತ್ರ ಆ ರಾತ್ರಿ ನಿದ್ರೆಯನ್ನು ಕೆಡಿಸಿದುವು. ತಂದೆಯ ಮೂಗನ್ನು, ತಾಯಿಯ ಕಣ್ಣನ್ನು ಮಕ್ಕಳು ಪಡೆದು ಬರುವುದುಂಟು. ಆದರೆ ತಂದೆಯ ಭಯವನ್ನು ಪಿತ್ರಾರ್ಜಿತ ಆಸ್ತಿಯಂತೆ ಅವರ ಕೈಗೆ ಒಪ್ಪಿಸುವುದು ಯಾವ ನ್ಯಾಯ? ಮನೆಪಾಠಕ್ಕೆ ಕಳುಹಿಸುವ ಮಾತು ಬಂದಿತು. ಶಾಲೆಯಲ್ಲಿ ಆರು ಗಂಟೆ ಕುಳಿತು ಬಂದ ಮಗುವನ್ನು ಮತ್ತೊಂದು ಗಂಟೆ ಕೂರಿಸುವುದು ನನ್ನ ಹೆಂಡತಿಗೆ ಒಪ್ಪಿಗೆಯಾಗಲಿಲ್ಲ. “ಪ್ರತಿ ಶನಿವಾರ ಮಾರುಕಟ್ಟೆಗೆ ಹೋಗುತ್ತೀರಲ್ಲ, ಅವಳನ್ನೂ ಕರೆದುಕೊಂಡು ಹೋಗಿ. ಅಲ್ಲಿ ಇರುವುದೆಲ್ಲ ಲೆಕ್ಕವೇ” ಎಂದಳು ಆಕೆ. ಮಾತು ನ್ಯಾಯವಾಗಿ ಕಂಡಿತು.

ಮೊದಲನೆಯ ಶನಿವಾರ

ಮೈಸೂರಿನ ದೇವರಾಜ ಮಾರುಕಟ್ಟೆಯನ್ನು ಕಂಡವರಿಗೆ ಅದರ ವರ್ಣನೆ ಬೇಡ. ಚಿಕ್ಕ ಗಡಿಯಾರದ ಎದುರಿನಿಂದ ಒಳಗೆ ಕಾಲಿಟ್ಟರೆ ಒಂದು ಕಡೆ ಮಲ್ಲಿಗೆಯ ರಾಶಿ, ಒಂದು ಕಡೆ ವೀಳೆಯದೆಲೆ, ಮುಂದೆ ಬಾಳೆಹಣ್ಣು, ಅದರಾಚೆ ಅರಿಶಿನ ಕುಂಕುಮದ ಗೋಪುರಗಳು. ಅಂತಹ ಜಾಗದಲ್ಲಿ ನಾನು ಮಾಡಿದ ಮೊದಲ ಕೆಲಸವೆಂದರೆ ಅದನ್ನು ಪರೀಕ್ಷೆಯ ಕೋಣೆಯನ್ನಾಗಿ ಮಾಡಿದುದು. “ಟೊಮ್ಯಾಟೊ ಕಿಲೋಗೆ ೩೬ ರೂಪಾಯಿ. ಹಾಗಾದರೆ ಮುಕ್ಕಾಲು ಕಿಲೋಗೆ ಎಷ್ಟು? ಬೇಗ ಹೇಳು” ಎಂದೆ. ಅಂಗಡಿಯವನು ತಕ್ಕಡಿ ಹಿಡಿದು ಕಾದ. ಹಿಂದೆ ನಿಂತಿದ್ದ ಇಬ್ಬರು ಗಿರಾಕಿಗಳೂ ಕಾದರು. ಮಗಳು ಒಮ್ಮೆ ನನ್ನ ಮುಖವನ್ನೂ ಒಮ್ಮೆ ಟೊಮ್ಯಾಟೊವನ್ನೂ ನೋಡಿದಳು. ಬಳಿಕ ಅವಳ ಕಣ್ಣುಗಳಲ್ಲಿ ನೀರು ತುಂಬಿತು. “ಇಪ್ಪತ್ತೇಳು ರೂಪಾಯಿ ಸ್ವಾಮಿ, ಕೊಡಿ ಚೀಲ. ಮಗುವನ್ನು ಯಾಕೆ ಗೋಳುಹುಯ್ದುಕೊಳ್ಳುತ್ತೀರಿ?” ಎಂದ ಅಂಗಡಿಯವನು.

ನಾನೂ ಆ ಹೊತ್ತಿನಲ್ಲಿ ಇಪ್ಪತ್ತೇಳೆಂದು ಕಂಡುಹಿಡಿದಿರಲಿಲ್ಲವೆಂಬುದನ್ನು ಮಾತ್ರ ಅವನಿಗೆ ಹೇಳಲಿಲ್ಲ.

ಅಜ್ಜಿಯ ಉಪದೇಶ

ಈ ಪ್ರಸಂಗವನ್ನು ಮನೆಯಲ್ಲಿ ಕೇಳಿ ಎಲ್ಲರಿಗಿಂತ ಹೆಚ್ಚಾಗಿ ನಕ್ಕವರು ನನ್ನ ಅಜ್ಜಿ. ಆಕೆಗೆ ಈಗ ಎಂಬತ್ತಾರು ವರ್ಷ. ಓದಿದುದು ನಾಲ್ಕನೆಯ ತರಗತಿಯವರೆಗೆ. ಆದರೆ ಕಾಲು ಮಗ್ಗಿ, ಅರೆ ಮಗ್ಗಿ, ಮುಕ್ಕಾಲು ಮಗ್ಗಿಗಳು ಇಂದಿಗೂ ಆಕೆಯ ನಾಲಗೆಯ ತುದಿಯಲ್ಲಿವೆ. ಆಕೆ ಹುಡುಗಿಯಾಗಿದ್ದಾಗ ಒಂದು ರೂಪಾಯಿಗೆ ೧೬ ಆಣೆ, ಆಣೆಯೊಂದಕ್ಕೆ ೧೨ ಪೈ; ಅಂದರೆ ರೂಪಾಯಿಗೆ ೧೯೨ ಪೈ. ತೂಕದಲ್ಲಿ ಸೇರು, ಅಚ್ಚೇರು, ಚಟಾಕು, ತೊಲ. ೧೯೫೭ರ ಏಪ್ರಿಲ್ ೧ರಂದು ರೂಪಾಯಿಗೆ ೧೦೦ ನಯೇ ಪೈಸೆಗಳಾದುವು. ೧೯೫೮ರ ಅಕ್ಟೋಬರಿನಿಂದ ಹಂತಹಂತವಾಗಿ ಕಿಲೋಗ್ರಾಂ ಬಂದಿತು. ಹೊಸ ನಾಣ್ಯ ಬಂದಾಗ ನಾಲ್ಕಾಣೆಗೆ ಸರಿಯಾಗಿ ೨೫ ಪೈಸೆಯಾದರೂ ಒಂದಾಣೆಗೆ ಆರೂಕಾಲು ಪೈಸೆಯಾಗುತ್ತಿತ್ತು. ಕಾಲು ಪೈಸೆಯ ನಾಣ್ಯವೇ ಇಲ್ಲದ್ದರಿಂದ ಆಣೆಗೆ ಆರು ಪೈಸೆಯೆಂದು ಲೆಕ್ಕ ಹಾಕುತ್ತಿದ್ದರು. “ಒಟ್ಟಿಗೆ ನಾಲ್ಕಾಣೆಯ ಸಾಮಾನು ತಂದರೆ ಇಪ್ಪತ್ತೈದು, ಒಂದೊಂದಾಣೆಯಂತೆ ನಾಲ್ಕು ಸಲ ತಂದರೆ ಇಪ್ಪತ್ನಾಲ್ಕು. ಒಂದು ಪೈಸೆ ಉಳಿಯುತ್ತದೆಂದು ನಾನು ನಾಲ್ಕು ಸಲ ಅಂಗಡಿಗೆ ಹೋಗುತ್ತಿದ್ದೆ” ಎಂದು ಹೇಳಿಕೊಂಡು ಅಜ್ಜಿ ಮತ್ತೊಮ್ಮೆ ನಕ್ಕರು.

ನಗು ಮುಗಿದ ಮೇಲೆ ಆಕೆ ಹೇಳಿದ ಮಾತನ್ನು ಶಿಕ್ಷಣಶಾಸ್ತ್ರದ ಯಾವ ಗ್ರಂಥದಲ್ಲಾದರೂ ಸೇರಿಸಬಹುದು: “ಅವಳನ್ನು ಪ್ರಶ್ನೆ ಕೇಳಬೇಡ. ಅವಳ ಕೈಗೆ ದುಡ್ಡು ಕೊಡು. ಪ್ರಶ್ನೆಯನ್ನು ದುಡ್ಡೇ ಕೇಳುತ್ತದೆ.”

ಮುಂದಿನ ಶನಿವಾರ ಹಾಗೆಯೇ ಮಾಡಿದೆ. ಇನ್ನೂರು ರೂಪಾಯಿಗಳನ್ನು ಒಂದು ಚಿಕ್ಕ ಸಂಚಿಯಲ್ಲಿಟ್ಟು, ಬೇಕಾದ ಪದಾರ್ಥಗಳ ಪಟ್ಟಿಯೊಂದಿಗೆ ಅವಳಿಗೆ ಕೊಟ್ಟೆ. ಪಟ್ಟಿಯಲ್ಲಿರುವುದೆಲ್ಲ ಬರಬೇಕು, ಉಳಿದುದು ಅವಳದು. ನನ್ನ ಕೆಲಸ ಚೀಲ ಹೊರುವುದು, ಬಾಯಿ ಮುಚ್ಚಿಕೊಂಡಿರುವುದು. ಎರಡನೆಯ ಕೆಲಸ ಮೊದಲನೆಯದಕ್ಕಿಂತ ಭಾರವಾಗಿತ್ತು.

ಇಲ್ಲಿ ಇನ್ನೊಂದು ಮಾತು. ಇಂದಿನ ದಿನಗಳಲ್ಲಿ ಸೊಪ್ಪಿನವಳ ಬುಟ್ಟಿಯ ಮೇಲೂ ಚೌಕಳಿ ಚಿತ್ರದ ಫಲಕವೊಂದು ನಿಂತಿರುತ್ತದೆ. ೨೦೧೬ರಲ್ಲಿ ಬಂದ ಯು.ಪಿ.ಐ. ವ್ಯವಸ್ಥೆಯಿಂದ ನಮಗೆಲ್ಲರಿಗೂ ಆಗಿರುವ ಅನುಕೂಲವನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಮಗುವಿನ ಕಣ್ಣಿಗೆ ಕಾಣುವುದೇನು? ತಂದೆ ಫೋನನ್ನು ತೋರಿಸುತ್ತಾನೆ, ಎಲ್ಲಿಂದಲೋ ಒಂದು ಧ್ವನಿ ಹಣ ಬಂದಿತೆಂದು ಸಾರುತ್ತದೆ, ಸಾಮಾನು ಚೀಲಕ್ಕೆ ಬೀಳುತ್ತದೆ. ಕೊಟ್ಟುದು ಕಾಣುವುದಿಲ್ಲ, ಉಳಿದುದು ಕಾಣುವುದಿಲ್ಲ. ಚಿಲ್ಲರೆಯೆಂಬ ಪದಾರ್ಥವೇ ಇಲ್ಲ. ಕಣ್ಣಿಗೆ ಕಾಣದ ಕೂಡುವ ಕಳೆಯುವ ಲೆಕ್ಕವನ್ನು ಮಗು ಹೇಗೆ ಕಲಿಯಬೇಕು? ಆದಕಾರಣ ಶನಿವಾರಗಳಂದು ನಾನು ಫೋನನ್ನು ಜೇಬಿನಿಂದ ತೆಗೆಯುವುದಿಲ್ಲ. ನೋಟು ನಾಣ್ಯಗಳನ್ನೇ ಒಯ್ಯುತ್ತೇನೆ.

ಮಾರುಕಟ್ಟೆಯ ಪಾಠಗಳು

ಮೊದಲ ಕೆಲವು ವಾರಗಳಲ್ಲಿ ನಾವಿಬ್ಬರೂ ಕಲಿತುದನ್ನು ಸಂಕ್ಷೇಪವಾಗಿ ಹೇಳುತ್ತೇನೆ. ತಾಯಿತಂದೆಗಳಿಗೆ ಉಪಯೋಗಕ್ಕೆ ಬಂದೀತು.

ಮೊದಲನೆಯದು ಅಂದಾಜು. ಶಾಲೆಯಲ್ಲಿ ಉತ್ತರ ಸರಿ ಅಥವಾ ತಪ್ಪು. ಮಾರುಕಟ್ಟೆಯಲ್ಲಿ “ಸುಮಾರು” ಎಂಬುದಕ್ಕೂ ಬೆಲೆಯುಂಟು. ೩೮ನ್ನು ೪೦ ಎಂದುಕೊಂಡು, ೫೩ನ್ನು ೫೦ ಎಂದುಕೊಂಡು, ಚೀಲದಲ್ಲಿರುವುದು ತೊಂಬತ್ತರ ಆಸುಪಾಸು ಎಂದು ತಿಳಿಯಬಲ್ಲ ಮಗು ಮುಂದೆ ೯೧ಕ್ಕೆ ಬದಲಾಗಿ ೮೧೧ ಎಂದು ಬರೆಯಲಾರದು. ಬರೆದರೂ ತನ್ನ ತಪ್ಪನ್ನು ತಾನೇ ಕಂಡುಕೊಳ್ಳುತ್ತದೆ.

ಎರಡನೆಯದು ಚಿಲ್ಲರೆ. ಬೆಲೆ ೧೩೭ ರೂಪಾಯಿ, ಕೊಟ್ಟುದು ೨೦೦. ಶಾಲೆಯ ಪದ್ಧತಿಯಲ್ಲಿ ಸೊನ್ನೆಯಿಂದ ಏಳು ಹೋಗುವುದಿಲ್ಲ, ಪಕ್ಕದ ಮನೆಯಿಂದ ಸಾಲ ತರಬೇಕು, ಪಕ್ಕದ ಮನೆಯಲ್ಲೂ ಸೊನ್ನೆ. ಇನ್ನೂ ಮುಂದಿನ ಮನೆಗೆ ಹೋಗಬೇಕು. ನನ್ನ ಮಗಳು ಸೋಲುತ್ತಿದ್ದುದು ಈ ಸಾಲದ ವ್ಯವಹಾರದಲ್ಲಿಯೇ. ಹಣ್ಣಿನ ವ್ಯಾಪಾರಿ ಕಳೆಯುವುದೇ ಇಲ್ಲ. ಮೂರು ನಾಣ್ಯ ಕೈಗಿಟ್ಟು “ನೂರನಲವತ್ತು” ಎನ್ನುತ್ತಾನೆ. ಹತ್ತರ ನೋಟೊಂದನ್ನಿಟ್ಟು “ನೂರೈವತ್ತು” ಎನ್ನುತ್ತಾನೆ. ಐವತ್ತರ ನೋಟಿಟ್ಟು “ಇನ್ನೂರು” ಎಂದು ಮುಗಿಸುತ್ತಾನೆ. ಕೊಟ್ಟುದು ಮೂರು, ಹತ್ತು, ಐವತ್ತು: ಒಟ್ಟು ೬೩. ಕಳೆಯುವ ಲೆಕ್ಕವೆಂದರೆ ಇಲ್ಲಿಂದ ಅಲ್ಲಿಗೆ ಎಷ್ಟು ದೂರವೆಂದು ಅಳೆಯುವುದು ಎಂಬ ಅರ್ಥ ಮಗಳಿಗೆ ಆ ದಿನ ಹೊಳೆಯಿತು. ಅದೇ ದಿನ ನನಗೂ ಹೊಳೆಯಿತೆಂದು ಹೇಳಲು ನಾಚಿಕೆಯಿಲ್ಲ.

ಮೂರನೆಯದು ಅಳತೆ. ಹೂವಿನ ಸಾಲಿನಲ್ಲಿ ಮಲ್ಲಿಗೆಯನ್ನು ಈಗಲೂ ಮೊಳದ ಲೆಕ್ಕದಲ್ಲಿ ಮಾರುತ್ತಾರೆ. ಮೊಣಕೈಯಿಂದ ಬೆರಳ ತುದಿಯವರೆಗೆ ಒಂದು ಮೊಳ. ಅಂತಹ ನಾಲ್ಕಕ್ಕೆ ಒಂದು ಮಾರು. ಹೂವಾಡಗಿತ್ತಿ ಎರಡು ಮೊಳ ಅಳೆದುಕೊಟ್ಟುದನ್ನು ಮನೆಗೆ ತಂದು ಮಗಳು ತನ್ನ ಕೈಯಲ್ಲಿ ಅಳೆದರೆ ಎರಡೂವರೆ ಮೊಳ ಬಂದಿತು; ನನ್ನ ಕೈಯಲ್ಲಿ ಅಳೆದರೆ ಎರಡಕ್ಕೆ ಸ್ವಲ್ಪ ಕಡಿಮೆಯಾಯಿತು. ಹೂವು ಬೆಳೆಯಲೂ ಇಲ್ಲ, ಬಾಡಿ ಕುಗ್ಗಲೂ ಇಲ್ಲ. “ಹಾಗಾದರೆ ಚಿಕ್ಕ ಕೈಯವರು ಹೂವು ಮಾರಿದರೆ ಅವರಿಗೆ ಲಾಭ, ಅಲ್ಲವೇ?” ಎಂದಳು. ಲೋಕಕ್ಕೆ ಮೀಟರೆಂಬ ಅಳತೆ ಏಕೆ ಬೇಕಾಯಿತೆಂಬುದನ್ನು ನಾನು ಬೇರೆಯಾಗಿ ವಿವರಿಸಬೇಕಾಗಲಿಲ್ಲ.

ನಾಲ್ಕನೆಯದು ಪೊಟ್ಟಣಗಳ ಪಾಠ. ಇದು ಮಾರುಕಟ್ಟೆಯದಲ್ಲ, ಗಾಜಿನ ಬಾಗಿಲಿನ ದೊಡ್ಡ ಅಂಗಡಿಯದು. ೨೦೦ ಗ್ರಾಮಿನ ಪೊಟ್ಟಣಕ್ಕೆ ೪೮ ರೂಪಾಯಿ, ೫೦೦ ಗ್ರಾಮಿಗೆ ೧೧೦; ಯಾವುದು ಅಗ್ಗ? ನೂರು ಗ್ರಾಮಿಗೆ ಇಳಿಸಿ ನೋಡಿದರೆ ಮೊದಲನೆಯದು ೨೪, ಎರಡನೆಯದು ೨೨. ಆದರೆ ದೊಡ್ಡ ಪೊಟ್ಟಣವೇ ದುಬಾರಿಯಾಗಿರುವ ಸಂದರ್ಭಗಳೂ ಉಂಟು. ಅವುಗಳನ್ನು ಪತ್ತೆ ಹಚ್ಚುವುದು ಮಕ್ಕಳಿಗೆ ಪತ್ತೇದಾರಿ ಕಾದಂಬರಿ ಓದಿದಷ್ಟೇ ಆನಂದ. ಎರಡು ಕೊಂಡರೆ ಒಂದು ಉಚಿತವೆಂಬ ಫಲಕದಲ್ಲಿ ನಿಜವಾದ ರಿಯಾಯಿತಿ ಮೂರರಲ್ಲೊಂದು ಭಾಗ ಮಾತ್ರ. ಶೇಕಡ ೫೦ ಕಡಿತ, ಅದರ ಮೇಲೆ ಮತ್ತೆ ಶೇಕಡ ೨೦ ಎಂದು ಬರೆದಿದ್ದರೆ ಅದು ೭೦ ಅಲ್ಲ. ನೂರು ಮೊದಲು ಐವತ್ತಾಗಿ, ಐವತ್ತರಲ್ಲಿ ಹತ್ತು ಹೋಗಿ ನಲವತ್ತು ಉಳಿಯುತ್ತದೆ. ಆದಕಾರಣ ಕಡಿತ ೬೦ ಮಾತ್ರ. ಈ ಹತ್ತರ ಅಂತರದಲ್ಲಿ ಎಷ್ಟು ಸಂಸಾರಗಳ ಹಬ್ಬದ ಸಂಬಳ ಕರಗುತ್ತದೆಯೋ!

ಹಳೆಯ ಗಂಟು

ಕಿಲೋಗೆ ಅರವತ್ತಾದರೆ ಕಾಲು ಕಿಲೋಗೆ ಎಷ್ಟು ಎಂಬ ಲೆಕ್ಕಕ್ಕೆ ನಮ್ಮ ಪೂರ್ವಿಕರು ತ್ರೈರಾಶಿಕವೆಂದು ಹೆಸರಿಟ್ಟರು. ಸಾವಿರ ಗ್ರಾಮು ಪ್ರಮಾಣ, ಅರವತ್ತು ರೂಪಾಯಿ ಫಲ, ಇನ್ನೂರೈವತ್ತು ಗ್ರಾಮು ಇಚ್ಛೆ. ಫಲವನ್ನು ಇಚ್ಛೆಯಿಂದ ಗುಣಿಸಿ ಪ್ರಮಾಣದಿಂದ ಭಾಗಿಸಿದರೆ ಹದಿನೈದು. ‘ಆರ್ಯಭಟೀಯ’ದಲ್ಲಿಯೂ ಇರುವ ಸೂತ್ರವಿದು, ಭಾಸ್ಕರಾಚಾರ್ಯನ ‘ಲೀಲಾವತಿ’ಯಲ್ಲಿ ವಿಸ್ತಾರವಾಗಿ ಬರುತ್ತದೆ. ಇಚ್ಛೆಯೆಂಬ ಪದವನ್ನು ಗಮನಿಸಿರಿ. ಗಿರಾಕಿಗೆ ಬೇಕಾದುದೇ ಲೆಕ್ಕದ ಮೂರನೆಯ ಅಂಗ. ಶಾಸ್ತ್ರ ಹುಟ್ಟಿದ ಜಾಗ ಯಾವುದೆಂಬುದರ ಸುಳಿವು ಆ ಒಂದು ಹೆಸರಿನಲ್ಲಿಯೇ ಉಂಟು.

ಇದನ್ನು ಬರೆಯುವಾಗ ನನಗೆ ಮತ್ತೊಂದು ಸಂಕೋಚ. ಅಮೋಘವರ್ಷ ನೃಪತುಂಗನ ಆಸ್ಥಾನದಲ್ಲಿ ಹುಟ್ಟಿದ ‘ಕವಿರಾಜಮಾರ್ಗ’ವನ್ನು ನಾನು ವರ್ಷವರ್ಷವೂ ಪಾಠ ಹೇಳುತ್ತೇನೆ. ಅದೇ ದೊರೆಯ ಕಾಲದಲ್ಲಿ, ಒಂಬತ್ತನೆಯ ಶತಮಾನದಲ್ಲಿ, ಮಹಾವೀರಾಚಾರ್ಯನು ರಚಿಸಿದ ‘ಗಣಿತಸಾರಸಂಗ್ರಹ’ವನ್ನು ಕೈಯಿಂದ ಮುಟ್ಟಿಯೂ ಇರಲಿಲ್ಲ. ಹನ್ನೆರಡನೆಯ ಶತಮಾನದ ರಾಜಾದಿತ್ಯನು ಕನ್ನಡದಲ್ಲಿಯೇ ‘ವ್ಯವಹಾರಗಣಿತ’ವನ್ನು ಬರೆದನೆಂದು ಸಾಹಿತ್ಯಚರಿತ್ರೆಯ ತರಗತಿಯಲ್ಲಿ ಹೇಳಿ, ವಿದ್ಯಾರ್ಥಿಗಳಿಂದ ಟಿಪ್ಪಣಿ ಬರೆಸಿ, ಮುಂದಿನ ಕವಿಗೆ ಹೋಗಿಬಿಡುತ್ತಿದ್ದೆ. ವ್ಯವಹಾರದ ಗಣಿತವೆಂದು ಗ್ರಂಥಕ್ಕೆ ಹೆಸರಿಟ್ಟವನು ಅದನ್ನು ಪರೀಕ್ಷೆಯ ಟಿಪ್ಪಣಿಗಾಗಿ ಬರೆದಿರಲಾರನು.

ಮಹಾವೀರಾಚಾರ್ಯನ ಒಂದು ಲೆಕ್ಕವನ್ನು ನಮ್ಮ ಮನೆಯಲ್ಲಿ ಒಂದು ಭಾನುವಾರ ಬಿಡಿಸಿದೆವು. ಅದರ ತಾತ್ಪರ್ಯ ಹೀಗೆ: ಮೂರು ಪಣಕ್ಕೆ ಐದು ಪಾರಿವಾಳ, ಐದು ಪಣಕ್ಕೆ ಏಳು ಸಾರಸ, ಏಳು ಪಣಕ್ಕೆ ಒಂಬತ್ತು ಹಂಸ, ಒಂಬತ್ತು ಪಣಕ್ಕೆ ಮೂರು ನವಿಲು. ರಾಜಕುಮಾರನ ವಿನೋದಕ್ಕಾಗಿ ನೂರು ಪಣಕ್ಕೆ ಸರಿಯಾಗಿ ನೂರು ಹಕ್ಕಿಗಳನ್ನು ತರಬೇಕು. ಹುಣಿಸೆಯ ಬೀಜಗಳನ್ನು ಮುಂದೆ ಹರಡಿಕೊಂಡು ಅಜ್ಜಿ, ಮೊಮ್ಮಗ, ಮರಿಮಗಳು ಮೂವರೂ ನೆಲದ ಮೇಲೆ ಕುಳಿತೆವು. ಸಂಜೆಯ ದೀಪ ಹಚ್ಚುವ ಹೊತ್ತಿಗೆ ಉತ್ತರ ಸಿಕ್ಕಿತು: ೧೫ ಪಾರಿವಾಳ, ೨೮ ಸಾರಸ, ೪೫ ಹಂಸ, ೧೨ ನವಿಲು. ಬೆಲೆ ೯, ೨೦, ೩೫, ೩೬. ಹಕ್ಕಿಗಳೂ ನೂರು, ಪಣಗಳೂ ನೂರು. ಈ ಲೆಕ್ಕಕ್ಕೆ ಇನ್ನೂ ಬೇರೆ ಉತ್ತರಗಳುಂಟು; ವಾಚಕರ ಮನೆಯ ಮಕ್ಕಳು ಹುಡುಕಲಿ. ಒಂದು ಲೆಕ್ಕಕ್ಕೆ ಒಂದಕ್ಕಿಂತ ಹೆಚ್ಚು ಸರಿಯುತ್ತರ ಇರಬಹುದೆಂಬುದೇ ನನ್ನ ಮಗಳಿಗೆ ದೊಡ್ಡ ಸಮಾಧಾನದ ಸಂಗತಿಯಾಯಿತು.

ಎರಡು ದಡಗಳು

ಹಾಗಾದರೆ ಮಕ್ಕಳನ್ನು ಮಾರುಕಟ್ಟೆಗೆ ಅಟ್ಟಿದರೆ ಸಾಕು, ಶಾಲೆಯ ಗಣಿತ ತಾನಾಗಿ ಬರುತ್ತದೆಯೇ? ಬರುವುದಿಲ್ಲ. ಈ ಮಾತನ್ನು ಒತ್ತಿ ಹೇಳಬೇಕಾಗಿದೆ.

ಬ್ರೆಜಿಲ್ ದೇಶದ ರೆಸೀಫೆ ನಗರದಲ್ಲಿ ಬೀದಿಯಲ್ಲಿ ವ್ಯಾಪಾರ ಮಾಡುತ್ತಿದ್ದ ಐವರು ಮಕ್ಕಳನ್ನು ಕುರಿತು ಮೂವರು ವಿದ್ವಾಂಸರು ೧೯೮೫ರಲ್ಲಿ ಒಂದು ಲೇಖನವನ್ನು ಪ್ರಕಟಿಸಿದರು. ಮಕ್ಕಳ ವಯಸ್ಸು ಒಂಬತ್ತರಿಂದ ಹದಿನೈದು. ಮೂವತ್ತೈದಕ್ಕೆ ಒಂದು ತೆಂಗಿನಕಾಯಿಯಾದರೆ ಹತ್ತಕ್ಕೆ ಎಷ್ಟೆಂದು ಕೇಳಿದಾಗ ಹುಡುಗನೊಬ್ಬ ಮೂರಕ್ಕೆ ನೂರೈದು, ಇನ್ನು ಮೂರು ಸೇರಿದರೆ ಇನ್ನೂರಹತ್ತು, ಇನ್ನು ಮೂರಕ್ಕೆ ಮುನ್ನೂರಹದಿನೈದು, ಮೇಲೊಂದು ಸೇರಿ ಮುನ್ನೂರೈವತ್ತು ಎಂದು ಲೆಕ್ಕ ಹಾಕಿದನು. ಹತ್ತರಿಂದ ಗುಣಿಸಲು ಸೊನ್ನೆ ಸೇರಿಸಿದರಾಯಿತೆಂಬ ಶಾಲೆಯ ಉಪಾಯ ಅವನಿಗೆ ಬೇಕಾಗಲಿಲ್ಲ. ಬೀದಿಯಲ್ಲಿ ಆ ಮಕ್ಕಳ ಉತ್ತರಗಳು ನೂರಕ್ಕೆ ೯೮ರಷ್ಟು ಸರಿಯಾಗಿದ್ದುವು. ಅಂಥವೇ ಲೆಕ್ಕಗಳನ್ನು ಬರಿಯ ಅಂಕೆಗಳಲ್ಲಿ ಬರೆದು ಕೊಟ್ಟಾಗ ಸರಿಯುತ್ತರಗಳು ನೂರಕ್ಕೆ ೩೭ಕ್ಕೆ ಇಳಿದುವು.

ನಮ್ಮ ದೇಶದಲ್ಲಿಯೂ ಹೀಗೆಯೇ. ಅರ್ಥಶಾಸ್ತ್ರಜ್ಞರಾದ ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೊ ಮತ್ತು ಅವರ ಸಂಗಡಿಗರು ಕೋಲ್ಕತ್ತ ಹಾಗೂ ದೆಹಲಿಯ ಮಾರುಕಟ್ಟೆಗಳಲ್ಲಿ ದುಡಿಯುವ ಮಕ್ಕಳನ್ನು ಪರಿಶೀಲಿಸಿ ೨೦೨೫ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟಿಸಿದ ಲೇಖನವೂ ಇದನ್ನೇ ಹೇಳುತ್ತದೆ. ಅಂಗಡಿಯಲ್ಲಿ ಬಾಯಲ್ಲೇ ತೊಡಕಿನ ಲೆಕ್ಕ ಮಾಡಬಲ್ಲ ಮಕ್ಕಳು ಶಾಲೆಯ ರೀತಿಯಲ್ಲಿ ಬರೆದ ಸುಲಭ ಲೆಕ್ಕದಲ್ಲಿ ತಡವರಿಸಿದರು. ಕಾಗದದ ಮೇಲಿನ ಲೆಕ್ಕ ಬಲ್ಲ ಶಾಲೆಯ ಮಕ್ಕಳು ಅಂಗಡಿಯ ಲೆಕ್ಕದಲ್ಲಿ ಸೋತರು. ಒಂದೇ ನದಿಯ ಎರಡು ದಡಗಳು, ನಡುವೆ ಸೇತುವೆಯಿಲ್ಲ. ದುಡಿಯುವ ಮಕ್ಕಳು ಶಾಲೆಯಲ್ಲಿ ದಡ್ಡರೆನಿಸಿಕೊಂಡು ಹೊರಬೀಳುವುದು ಬುದ್ಧಿಯ ಕೊರತೆಯಿಂದಲ್ಲ, ಸೇತುವೆಯ ಕೊರತೆಯಿಂದ ಎಂಬುದನ್ನು ನೆನೆದರೆ ಮನಸ್ಸಿಗೆ ಖೇದವಾಗುತ್ತದೆ.

ಆ ಸೇತುವೆಯನ್ನು ಕಟ್ಟುವ ಕೆಲಸ ನಮ್ಮಂತಹ ಮನೆಗಳಲ್ಲಿ ಕಷ್ಟವೇನಲ್ಲ. ಮಾರುಕಟ್ಟೆಯಿಂದ ಬಂದ ಮೇಲೆ, ತಿಂಡಿ ತಿಂದು, ಹತ್ತು ನಿಮಿಷ ಮಗಳು ಒಂದು ಪುಸ್ತಕದಲ್ಲಿ ಆ ದಿನದ ವ್ಯವಹಾರವನ್ನು ಬರೆಯುತ್ತಾಳೆ. ಬಾಯಲ್ಲಿ ಮಾಡಿದ ಲೆಕ್ಕ ಕಾಗದದ ಮೇಲೆ ಶಾಲೆಯ ವೇಷದಲ್ಲಿ ಹೇಗಿರುತ್ತದೆಂದು ಅಲ್ಲಿ ಕಾಣುತ್ತದೆ. ೨೦೦ರಲ್ಲಿ ೧೩೭ನ್ನು ಸಾಲದ ಪದ್ಧತಿಯಲ್ಲಿಯೇ ಕಳೆದು, ಅದೇ ೬೩ ಬಂದಾಗ ಅವಳು “ಹಣ್ಣಿನ ಮಾಮ ಸರಿಯಾಗಿಯೇ ಹೇಳಿದ್ದರು” ಎಂದಳು. ಮೇಷ್ಟರ ಪದ್ಧತಿ ಸರಿಯೆಂದು ಅವಳಿಗೆ ತೋರಿಸಿಕೊಟ್ಟವನು ಹಣ್ಣಿನವನು.

ಯಾರೂ ಕೇಳದ ಲೆಕ್ಕ

ಈಗ ಈ ಬರೆಹಕ್ಕೆ ಕಾರಣವಾದ ಸಂಗತಿಗೆ ಬರುತ್ತೇನೆ.

ಮಗಳು ಲೆಕ್ಕದಲ್ಲಿ ಚುರುಕಾದಂತೆಲ್ಲ ನನಗೆ ಹೆಮ್ಮೆ ಬೆಳೆಯಿತು. ಹೆಮ್ಮೆಯ ಬೆನ್ನಿಗೇ ಚೌಕಾಸಿಯೂ ಬೆಳೆಯಿತು. ಹಿಂದೆ ಚಿಲ್ಲರೆ ಎಣಿಸದವನು ಈಗ ಎರಡು ರೂಪಾಯಿಗಾಗಿ ಐದು ನಿಮಿಷ ನಿಲ್ಲುವವನಾದೆ. ಒಂದು ಶನಿವಾರ ಸಂಜೆ, ಮಾರುಕಟ್ಟೆಯ ಹೊರಗಡೆ ನೆಲದ ಮೇಲೆ ಗೋಣಿ ಹಾಸಿಕೊಂಡು ಕುಳಿತಿದ್ದ ಮುದುಕಿಯ ಬಳಿ ಸೊಪ್ಪು ಕೊಂಡೆವು. ಕಟ್ಟಿಗೆ ೧೫ ರೂಪಾಯಿ. ಮೂರು ಕಟ್ಟು ದಂಟಿನ ಸೊಪ್ಪಿಗೆ ೪೫ ಆಗಬೇಕಾದುದನ್ನು ನಾನು ಮಾತಿನಲ್ಲಿ ಹಿಡಿದು, ಎದ್ದು ಹೊರಟವನಂತೆ ನಟಿಸಿ, ೩೦ಕ್ಕೆ ಇಳಿಸಿದೆ. ಹೊತ್ತು ಮುಳುಗುತ್ತಿತ್ತು, ಮುದುಕಿ ಕೊಟ್ಟಳು. “ನೋಡಿದೆಯಾ? ಹದಿನೈದು ರೂಪಾಯಿ ಉಳಿಸಿದೆವು” ಎಂದು ಮಗಳಿಗೆ ಹೇಳಿದೆ. ಅವಳು ಅದನ್ನು ಪುಸ್ತಕದಲ್ಲಿ ಬರೆದಳು: ಉಳಿತಾಯ ೧೫. ಬರೆದವಳು ಪೆನ್ಸಿಲ್ಲನ್ನು ಕಚ್ಚುತ್ತ ಕೇಳಿದಳು: “ಅಪ್ಪಾ, ಆ ಅಜ್ಜಿ ಸೊಪ್ಪನ್ನು ಎಷ್ಟಕ್ಕೆ ಕೊಂಡಿರುತ್ತಾರೆ?” ನನಗೆ ತಿಳಿಯದು ಎಂದೆ. ಲಾಭ ನಷ್ಟದ ಪಾಠ ಅವಳ ತರಗತಿಗೆ ಇನ್ನೂ ಬಂದಿರಲಿಲ್ಲ.

ಮುಂದಿನ ಶನಿವಾರ ಮಗಳು ನೇರವಾಗಿ ಆ ಮುದುಕಿಯ ಮುಂದೆ ಹೋಗಿ ಕುಳಿತು ಆ ಪ್ರಶ್ನೆಯನ್ನೇ ಕೇಳಿದಳು. ನಾನು ತಡೆಯಬೇಕೆಂದುಕೊಂಡೆ, ಬಾಯಿ ಮುಚ್ಚಿಕೊಂಡಿರಬೇಕೆಂಬ ಅಜ್ಜಿಯ ನಿಯಮ ನೆನಪಾಗಿ ಸುಮ್ಮನಾದೆ. ಮುದುಕಿಗೆ ಮಗುವಿನ ಪ್ರಶ್ನೆ ತಮಾಷೆಯಾಗಿ ತೋರಿರಬೇಕು. ನಗುನಗುತ್ತ ಹೇಳಿದಳು: “ನೂರು ಕಟ್ಟಿಗೆ ಎಂಟುನೂರು ಕೊಟ್ಟು ತರ್ತೀನಿ ಕಣವ್ವ. ಆಟೋದವನಿಗೆ ನೂರು. ಅದರಲ್ಲಿ ಹತ್ತು ಕಟ್ಟು ಬಾಡಿ ಹೋಗ್ತದೆ, ಹಸುವಿಗೆ ಹಾಕ್ತೀನಿ.”

ಮಗಳ ತುಟಿಗಳು ಅಲುಗುತ್ತಿದ್ದುವು. ಎಂಟುನೂರು ಮತ್ತು ನೂರು, ಒಂಬೈನೂರು. ನೂರರಲ್ಲಿ ಹತ್ತು ಹೋದರೆ ತೊಂಬತ್ತು ಕಟ್ಟು. ಒಂಬೈನೂರನ್ನು ತೊಂಬತ್ತಕ್ಕೆ ಹಂಚಿದರೆ ಕಟ್ಟಿಗೆ ಹತ್ತು. ಅವಳು ತಲೆಯೆತ್ತಿದಳು, ಮುದುಕಿಯ ಕಡೆಗಲ್ಲ, ನನ್ನ ಕಡೆಗೆ.

“ಹಾಗಾದರೆ ಹೋದ ವಾರ ಮೂರು ಕಟ್ಟಿಗೆ ಅವರಿಗೆ ಮೂವತ್ತು ರೂಪಾಯಿ ಖರ್ಚಾಗಿತ್ತು. ನಾವು ಕೊಟ್ಟಿದ್ದೂ ಮೂವತ್ತೇ. ಅವರಿಗೆ ಏನೂ ಸಿಗಲಿಲ್ಲವಲ್ಲಪ್ಪ.”

ಓದುಗರೇ, ಆ ಲೆಕ್ಕವನ್ನು ಅವಳಿಗೆ ಯಾರೂ ಕೊಟ್ಟಿರಲಿಲ್ಲ. ಪುಸ್ತಕದಲ್ಲಿ ಅದಿರಲಿಲ್ಲ, ಪಟ್ಟಿಯಲ್ಲಿ ಅದಿರಲಿಲ್ಲ. “ನನಗೆ ಲೆಕ್ಕ ಬರುವುದಿಲ್ಲ” ಎಂದಿದ್ದ ಹುಡುಗಿ ಒಂದು ಸಂಸಾರದ ಇಡೀ ದಿನದ ದುಡಿಮೆಯನ್ನು ಬಾಯಲ್ಲಿಯೇ ಕೂಡಿ, ಕಳೆದು, ಭಾಗಿಸಿ, ತನ್ನ ತಂದೆ ಏನು ಮಾಡಿದನೆಂಬುದನ್ನು ಕಂಡುಹಿಡಿದಿದ್ದಳು. ನಾನು ಹೆಮ್ಮೆಪಡಬೇಕಾದ ಗಳಿಗೆಯದು. ಆದರೆ ಎಲ್ಲಿ ಮುಖ ತೋರಿಸಬೇಕೆಂದು ತಿಳಿಯದೆ ನಿಂತೆ. ಗಾಜಿನ ಬಾಗಿಲಿನ ಅಂಗಡಿಯಲ್ಲಿ ಮುದ್ರಿತ ಬೆಲೆಯನ್ನು ತುಟಿಪಿಟಕ್ಕೆನ್ನದೆ ತೆರುವ ನಾನು, ನೆಲದ ಮೇಲೆ ಕುಳಿತವಳ ಐದು ರೂಪಾಯಿ ಲಾಭವನ್ನು ಕಟ್ಟುಕಟ್ಟಿಗೂ ಕಿತ್ತುಕೊಂಡು ಅದನ್ನು ಉಳಿತಾಯವೆಂದು ಮಗುವಿನ ಕೈಯಲ್ಲಿ ಬರೆಸಿದ್ದೆ.

ಮಗಳು ಸಂಚಿಯಿಂದ ಆ ವಾರದ ಮೂರು ಕಟ್ಟಿಗೆ ೪೫ನ್ನು ಎಣಿಸಿ ಕೊಟ್ಟು, ಮತ್ತೆ ೧೫ ರೂಪಾಯಿಗಳನ್ನು ತೆಗೆದು ಮುಂದಿಟ್ಟಳು. ಮುದುಕಿ ಅದನ್ನು ಹಿಂದಕ್ಕೆ ತಳ್ಳಿದಳು. “ಹೋದ ವಾರದ್ದು ಹೋಯ್ತು ಕಣವ್ವ. ಕೊಟ್ಟೋಳು ನಾನೇ ಅಲ್ವಾ?” ಎಂದಳು. ನಾನು ಎಷ್ಟು ಹೇಳಿದರೂ ಕೇಳಲಿಲ್ಲ. ಔದಾರ್ಯವೆಂಬ ಪದವನ್ನು ನಾನು ಇಷ್ಟು ವರ್ಷ ಯಾವ ಅರ್ಥದಲ್ಲಿ ಬಳಸುತ್ತಿದ್ದೆನೆಂದು ನೆನೆದುಕೊಂಡು ಮನೆಯ ದಾರಿ ಹಿಡಿದೆ.

ಆ ರಾತ್ರಿ ಮಗಳು ಪುಸ್ತಕ ತೆರೆದು, ಹಿಂದಿನ ವಾರದ ಪುಟದಲ್ಲಿ ‘ಉಳಿತಾಯ ೧೫’ ಎಂಬುದನ್ನು ಅಳಿಸಿದಳು. ಅದರ ಜಾಗದಲ್ಲಿ ಏನು ಬರೆಯಬೇಕೆಂದು ನನ್ನನ್ನು ಕೇಳಿದಳು. ನನಗೆ ತೋಚಲಿಲ್ಲ. ಅವಳೇ ಯೋಚಿಸಿ ಬರೆದಳು: ‘ಬಾಕಿ ೧೫’. ಆ ಬಾಕಿ ಇನ್ನೂ ಹಾಗೆಯೇ ಇದೆ.

ಅಂಕಗಳ ವಿಚಾರವನ್ನೂ ಹೇಳಿಬಿಡಬೇಕು. ಇಲ್ಲದಿದ್ದರೆ ವಾಚಕರಿಗೆ ಮೋಸ ಮಾಡಿದಂತಾಗುತ್ತದೆ. ಮುಂದಿನ ಪರೀಕ್ಷೆಯಲ್ಲಿ ಅವಳಿಗೆ ಬಂದುದು ೨೫ಕ್ಕೆ ೧೫. ಪವಾಡವೇನೂ ಆಗಲಿಲ್ಲ. ಉದ್ದದ ಭಾಗಾಕಾರ ಈಗಲೂ ಅವಳನ್ನು ಕಾಡುತ್ತದೆ. ಆದರೆ ತಪ್ಪಾದ ಲೆಕ್ಕಗಳನ್ನು ಅವಳು ನನಗೆ ತೋರಿಸಿದ ರೀತಿ ಬೇರೆಯಾಗಿತ್ತು. “ಇಲ್ಲಿ ಹೇಗೆ ತಪ್ಪಿದೆ ಗೊತ್ತಾ?” ಎಂದು ಪಕ್ಕದಲ್ಲಿ ಕುಳಿತು ವಿವರಿಸಿದಳು. “ನಿನ್ನ ಹಾಗೆ” ಎಂಬ ಮಾತು ಮತ್ತೆ ಬರಲಿಲ್ಲ.

ಮಕ್ಕಳನ್ನು ಮಾರುಕಟ್ಟೆಗೆ ಕರೆದುಕೊಂಡು ಹೋಗಿರಿ ಎಂದು ನಾನು ಎಲ್ಲರಿಗೂ ಹೇಳುತ್ತೇನೆ. ಅವರ ಕೈಗೆ ದುಡ್ಡು ಕೊಡಿರಿ, ಪ್ರಶ್ನೆ ಕೇಳಬೇಡಿರಿ, ಮನೆಗೆ ಬಂದು ಬರೆಯಿಸಿರಿ. ಆದರೆ ಒಂದು ಎಚ್ಚರಿಕೆ. ಮಗುವಿಗೆ ಒಮ್ಮೆ ಲೆಕ್ಕ ಬಂದಿತೆಂದರೆ ಅದು ಅಂಗಡಿಯವನ ಲೆಕ್ಕವನ್ನು ಮಾತ್ರ ನೋಡುವುದಿಲ್ಲ, ನಮ್ಮ ಲೆಕ್ಕವನ್ನೂ ನೋಡುತ್ತದೆ. ಅದಕ್ಕೆ ಸಿದ್ಧರಾಗಿ ಹೊರಡಿರಿ.